ಹೊಳಪುಸೆಳೆ ಯಂತ್ರವೂ ದೊರ್ಕಾಬಾಯಿಯ ತಾಟೂ

“ತಬಿತಾ, ಕಣ್ಣ ಮುಚ್ಚು! ನಾ ಹೇಳೂತನಕಾ ತೆರೀಬ್ಯಾಡ!”

ಪ್ರಭುದಾಸ ಮಾಸ್ತರರು ಹೀಗೆ ಕೂಗಿದಾಗಲೆಲ್ಲ ತಬಿತಾ ಕಣ್ಣು ಮುಚ್ಚುವ ಮೊದಲು ನೀರು ತುಂಬಿದ ಬಕೀಟು ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಗಂಡನ ಜೊತೆ ಸಂಸಾರ ಮಾಡಿದವಳಿಗೆ ಇಷ್ಟು ಮುಂಜಾಗ್ರತೆ ತಾನಾಗಿಯೇ ಬಂದಿತ್ತು. ಅವರ ರೊಟ್ಟಿ ತಿರುವುವ ಯಂತ್ರ ಹಾರಿಸಿದ ಜೋಳದ ರೊಟ್ಟಿಯೊಂದು ಇನ್ನೂ ಅಡುಗೆಮನೆಯ ಮಾಳಿಗೆಯ ಒಳಮೈಗೆ ಅಂಟಿಕೊಂಡಿತ್ತು. ಅದರ ಹಿಂದೆ ಹಲ್ಲಿಯೊಂದು ಮನೆ ಮಾಡಿ, ಮರಿ ಮಾಡಿಕೊಂಡು ಸುಖವಾಗಿತ್ತು.

“ಹೂಂ, ತೆರಿ!”

ತೆರೆದಳು. ಪಡಸಾಲೆಯ ಕಿಟಕಿಯ ಹತ್ತಿರ, ಇಟ್ಟಿಗೆ ತುಂಬಿದ ಬಕೀಟಿನಲ್ಲಿ ಅವಳೇ ನಿಲ್ಲಿಸಿದ್ದ ಸರ್ವೆ ಮರದ ಟೊಂಗೆ ಇತ್ತು. ಅದೇ ಅವರ ಮನೆಯ ಕ್ರಿಸ್ಮಸ್ ಗಿಡ. ಅದರ ಬುಡದಲ್ಲಿ ಈಗ ಹೊಸ ಅತಿಥಿಯೊಂದು ಕುಳಿತಿತ್ತು. ಮುಚ್ಚಳ ಕಳೆದುಕೊಂಡ ಕುಕ್ಕರು, ಅದರೊಳಗೆ ಹಳೆಯ ಟೀವಿಯ ತಂತಿಸುರುಳಿ, ಮೇಲೆ ಬಟ್ಟೆ ಕಿತ್ತ ಕೊಡೆಯ ಕಡ್ಡಿಗಳು ನಾಲ್ಕೂ ಕಡೆಗೆ ಚಾಚಿಕೊಂಡಿದ್ದವು.

“ಇದರ ಹೆಸರು ಹೊಳಪುಸೆಳೆ ಯಂತ್ರ! ಅಯಸ್ಕಾಂತ ಕಬ್ಬಿಣ ಎಳೀತೈತಿ, ಇದು ಹೊಳಪು ಎಳೀತೈತಿ! ಹೊಳಿಯೂದು ಏನೇನ ಐತಿ, ಎಲ್ಲಾ ತಾನಾಗೇ ಬಂದು ಗಿಡಕ್ಕ ಜೋತು ಬೀಳ್ತೈತಿ. ಖರ್ಚು? ಸೊನ್ನಿ!”

“ನನ್ನ ಗಿಡ ಆಗಲೇ ಸಿಂಗಾರ ಆಗೇತಲ್ರೀ!” ಎಂದಳು ತಬಿತಾ.

ಆಗಿತ್ತು, ನಿಜ. ಪೇಟೆಯಿಂದ ಕಾಸಿನ ಸಾಮಾನು ತರದೆ ಗಿಡ ಸಿಂಗರಿಸುವುದರಲ್ಲಿ ಬೆಟಗೇರಿಯ ಆ ಚರ್ಚ್ ಓಣಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತನ್ನ ಬಿ.ಪಿ. ಗುಳಿಗೆ, ಗಂಡನ ಎದೆಯುರಿಯ ಗುಳಿಗೆ, ಎರಡರ ಬೆಳ್ಳಿಕಾಗದವನ್ನೂ ವರ್ಷವಿಡೀ ಕೂಡಿಟ್ಟು ನಕ್ಷತ್ರ ಕತ್ತರಿಸುತ್ತಿದ್ದಳು. ಮದುವೆಯ ಕರೆಯೋಲೆಗಳ ಜರಿಯಂಚು ಸರಪಳಿಯಾಗುತ್ತಿತ್ತು. ಒಡೆದ ಬಳೆಚೂರುಗಳನ್ನು ದಾರಕ್ಕೆ ಕಟ್ಟಿದರೆ ತೋರಣ. ಹರಿದ ದಿಂಬಿನ ಹತ್ತಿಯೇ ಹಿಮ. ಹಿಮವನ್ನು ಓಣಿಯಲ್ಲಿ ಯಾರೂ ಕಂಡವರಲ್ಲ, ಆದ್ದರಿಂದ ತಕರಾರೂ ಇರಲಿಲ್ಲ.

“ಛಲೋ ಆಗೇತಿ, ನಾ ಎಲ್ಲಿ ಇಲ್ಲ ಅಂದ್ನಿ?” ಎಂದರು ಮಾಸ್ತರರು. ಆಮೇಲೆ ದನಿ ತಗ್ಗಿಸಿದರು. “ಆದ್ರ ಗೇಟಿನತನಕಾ ಕಾಣಸ್ತೈತೇನು?”

ತಬಿತಾ ಕಿಟಕಿಯಿಂದ ಗೇಟಿನತ್ತ ನೋಡಿದಳು.

ಗೇಟಿನ ಹೊರಗೆ ಒಂದು ಬೇವಿನ ಮರವಿದೆ. ಪ್ರತಿ ವರ್ಷ ಹಬ್ಬದ ಹಿಂದಿನ ಸಂಜೆ ಹಾಡುವವರ ತಂಡ ಮನೆಮನೆಗೆ ಬರುತ್ತದೆ. ಆ ತಂಡದಲ್ಲಿ ಎಲ್ಲರಿಗಿಂತ ಗಟ್ಟಿ ಕಂಠ ತಬಿತಾಳ ಅಕ್ಕ ದೊರ್ಕಾಬಾಯಿಯದು. ತಂಡ ಈ ಮನೆಗೆ ಬಂದಾಗ ಹಾಡು ಒಳಗೆ ಬರುತ್ತದೆ, ಅಕ್ಕನ ದನಿ ಮಾತ್ರ ಗೇಟಿನಲ್ಲೇ ನಿಂತುಬಿಡುತ್ತದೆ. ಅವಳು ಶಾಲು ಹೊದ್ದುಕೊಂಡು ಬೇವಿನ ಕೆಳಗೆ ನಿಂತಿದ್ದು, ಹಾಡು ಮುಗಿದ ಮೇಲೆ ಹಾಗೆಯೇ ಮುಂದಿನ ಮನೆಗೆ ನಡೆಯುತ್ತಾಳೆ. ತಬಿತಾ ಗಿಡವನ್ನು ಕಿಟಕಿಗೆ ತಾಗಿಸಿ ಇಡುವುದು ಆ ಬೇವಿನ ಮರದ ಸಲುವಾಗಿ. ಒಂದು ಸಲ, ಒಂದೇ ಒಂದು ಸಲ, ಅಕ್ಕ ಗಿಡ ನೋಡಿ, “ಅಯ್ಯ, ಇದೇನ ತಬೀ!” ಎಂದು ಒಳಗೆ ಬಂದುಬಿಡಲಿ ಎಂಬುದೇ ಅವಳ ಆಸೆ.

ಬೈಬಲಿನಲ್ಲಿ ತಬಿಥಾ ಎಂದರೂ ದೊರ್ಕ ಎಂದರೂ ಒಬ್ಬಳೇ ಹೆಣ್ಣುಮಗಳು. ಇಬ್ಬರು ಹುಡುಗಿಯರು ಎಂದೂ ಅಗಲದಿರಲಿ ಎಂದು ಅಪ್ಪ ಆ ಒಬ್ಬಳ ಎರಡು ಹೆಸರನ್ನು ಇಬ್ಬರಿಗೆ ಹಂಚಿದ್ದ. ಅಪ್ಪನ ಲೆಕ್ಕದಲ್ಲಿ ಅಳಿಯನ ಯಂತ್ರಗಳು ಇರಲಿಲ್ಲ, ಪಾಪ!

ಜಗಳ ಹತ್ತಿದ್ದು ಹೀಗೆ. ಹಿಂದೊಂದು ಕ್ರಿಸ್ಮಸ್ಸಿಗೆ ಮಾಸ್ತರರು ದೊರ್ಕಾಬಾಯಿಯ ಗಿಡಕ್ಕೆ ತಿರುಗುವ ಪೀಠ ಮಾಡಿಕೊಟ್ಟರು. ಅದು ತಿರುಗಿತು. ಎಷ್ಟು ಜೋರಾಗಿ ತಿರುಗಿತೆಂದರೆ ಗಿಡದ ಮೇಲಿನ ಸಾಮಾನೆಲ್ಲ ಹಾರಿ, ಅವ್ವ ಬಿಟ್ಟುಹೋದ ಗಾಜಿನ ಗುಬ್ಬಿ ಗೋಡೆಗೆ ಬಡಿದು ಪುಡಿಯಾಯಿತು. “ನಿನ್ನ ಗಂಡಗ ತಲಿ ಇಲ್ಲ” ಎಂದಳು ದೊರ್ಕಾ. “ನಿನ್ನ ಕರ್ಚಿಕಾಯಿಗೆ ರುಚಿ ಇಲ್ಲ” ಎಂದಳು ತಬಿತಾ. ಗಂಡನ ತಲೆಯ ಬಗ್ಗೆ ಅಂದದ್ದನ್ನು ತಬಿತಾ ಮರುದಿನವೇ ಮರೆತಳು, ಅದು ಅವಳಿಗೂ ಗೊತ್ತಿದ್ದ ವಿಷಯ. ಆದರೆ ಕರ್ಚಿಕಾಯಿಯ ಬಗ್ಗೆ ಅಂದದ್ದನ್ನು ಯಾವ ಹೆಂಗಸು ಮರೆತಾಳು?

ಮುಂದಿನ ವರ್ಷ ತಬಿತಾ ಅವ್ವನ ಹೆಸರು ಕೊರೆಸಿದ ಅಗಲವಾದ ಸ್ಟೀಲ್ ತಾಟಿನಲ್ಲಿ ಚಕ್ಕುಲಿ, ಶಂಕರಪೋಳಿ ತುಂಬಿ, ತಾನೇ ಹೆಣೆದ ಕ್ರೋಶಾ ವಸ್ತ್ರ ಮುಚ್ಚಿ ಅಕ್ಕನ ಮನೆಗೆ ಕಳಿಸಿದಳು. ಹಬ್ಬದ ತಾಟನ್ನು ಆ ಓಣಿಯಲ್ಲಿ ಯಾರೂ ಬರಿದಾಗಿ ಮರಳಿಸುವುದಿಲ್ಲ. ಏನೂ ಇಲ್ಲದವರು ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ದೊರ್ಕಾಬಾಯಿ ಬರಿದಾಗಿಯೂ ಮರಳಿಸಲಿಲ್ಲ, ತುಂಬಿಯೂ ಮರಳಿಸಲಿಲ್ಲ. ತಾಟು ಅಲ್ಲೇ ಉಳಿಯಿತು. ಅಕ್ಕ ಅದರಲ್ಲಿ ಕೋಳಿಗೆ ಕಾಳು ಹಾಕುತ್ತಿರಬೇಕು ಎಂದು ನೆನೆದು ತಬಿತಾ ಎಷ್ಟೋ ಸಲ ಅತ್ತಿದ್ದಳು.

“ಗೇಟಿನತನಕಾ ಹೊಳೀತೈತೇನ್ರಿ, ಖರೇನ?” ಎಂದು ಕೇಳಿದಳು ಈಗ.

“ಬೇವಿನ ಗಿಡದತನಕಾ!” ಎಂದು ಮಾಸ್ತರರು ಎದೆಯುಬ್ಬಿಸಿ ಗುಂಡಿ ಒತ್ತಿದರು.

ಯಂತ್ರ ಗುರ್ ಎಂದಿತು. ಮೊದಲು ಅಡುಗೆಮನೆಯಿಂದ ಒಂದು ಚಮಚ ತೇಲುತ್ತ ಬಂದು ಟೊಂಗೆಗೆ ತೂಗಿಕೊಂಡಿತು. ಹಿಂದೆಯೇ ಲೋಟಗಳು ಸಾಲಾಗಿ ಬಂದವು. ಕಿಟಕಿಯ ಬೆಳಕಿನಲ್ಲಿ ಗಿಡ ಝಗಝಗಿಸಿತು. ತಬಿತಾ ಬಾಯಿ ಬಿಟ್ಟುಕೊಂಡು ನಿಂತಳು. ಚಂದ ಕಾಣುತ್ತಿತ್ತು, ನಿಜವಾಗಿಯೂ ಚಂದ! ಅಷ್ಟರಲ್ಲಿ ಸಾರಿನ ಪಾತ್ರೆ ಸಾರಿನ ಸಮೇತ ಬಂತು.

“ಏ ನಿಲ್ಲಸ್ರಿ! ಬ್ಯಾಳಿ ಸಾರು!”

ಮಾಸ್ತರರು ಯಂತ್ರದ ತಿರುಗುಣಿ ಹಿಡಿದರು. ಅದಕ್ಕೆ ಮೂರು ಗುರುತುಗಳಿದ್ದವು: ಮನಿ, ಓಣಿ, ಊರು. ಅದು ಮನಿಯ ಮೇಲೆ ಇತ್ತು. ಅವರು ಎಡಕ್ಕೆ ತಿರುವಿ ನಿಲ್ಲಿಸುವ ಬದಲು ಗಡಿಬಿಡಿಯಲ್ಲಿ ಬಲಕ್ಕೆ ತಿರುವಿದರು. ತಿರುಗುಣಿ ಓಣಿಗೆ ಬಂದು ಗಟ್ಟಿಯಾಗಿ ಸಿಕ್ಕಿಹಾಕಿಕೊಂಡಿತು.

ಪಕ್ಕದ ಮನೆಯ ಗಂಗವ್ವ ಅಂಗಳದಲ್ಲಿ ತಂಬಿಗೆ ತೊಳೆಯುತ್ತಿದ್ದಳು. ತಂಬಿಗೆ ಅವಳ ಕೈಯಿಂದ ಜಿಗಿದು, ಗೋಡೆ ಹಾರಿ, ಕಿಟಕಿಯಿಂದ ಒಳಗೆ ಬಂತು. ಹಿಂದೆ ಗಂಗವ್ವನೂ ಬಂದಳು.

“ಮಾಸ್ತರ! ನನ್ನ ತಂಬಿಗಿ ಯಾಕ ಕರೀತೀರಿ?”

“ನಾ ಕರದಿಲ್ಲ ಗಂಗವ್ವ, ಅದಽ ಬಂತು!”

ಆಮೇಲೆ ಓಣಿಯ ಪಾತ್ರೆಗಳೆಲ್ಲ ದಂಡು ಕಟ್ಟಿಕೊಂಡು ಬಂದವು. ಡಬರಿ, ಹರಿವಾಣ, ಸೌಟು, ಸೈಕಲ್ಲಿನ ಗಂಟೆ, ಯಾರೋ ಕಬಡ್ಡಿಯಲ್ಲಿ ಗೆದ್ದ ಕಪ್ಪು! ಪಾತ್ರೆಗಳ ಹಿಂದೆ ಪಾತ್ರೆಯವರು ಬಂದರು. ಒಬ್ಬೊಬ್ಬರೂ ಬುಡ ತಿರುಗಿಸಿ ಕೊರೆಸಿದ ಹೆಸರು ಓದತೊಡಗಿದಾಗ ಬೇರೆಯೇ ಗದ್ದಲ ಶುರುವಾಯಿತು.

“ಇದು ನನ್ನ ಡಬರಿ! ನಿನ್ನ ಮನಿ ಕಡಿಂದ ಯಾಕ ಹಾರಿ ಬಂತು?”

“ಸೀಮಂತಕ್ಕಂತ ನೀನ ಕೊಟ್ಟಿದ್ದಿಯಲ್ಲ!”

“ಯಾರ ಸೀಮಂತಾ? ಆ ಹುಡುಗ ಈಗ ಕಾಲೇಜಿಗೆ ಹೋಗ್ತಾನ!”

ಕತ್ತಲಾಗುತ್ತ ಬಂತು. ಮಾಸ್ತರರು ಕಟ್ಟಿಗೆ ತುಂಡಿನಿಂದ ತಿರುಗುಣಿಗೆ ಬಡಿಯುತ್ತಲೇ ಇದ್ದರು. ಕೊನೆಗೆ ಅದು ಕದಲಿತು, ಕದಲಿ ಊರಿಗೆ ಹೋಗಿ ನಿಂತಿತು. ದೂರದಲ್ಲಿ ಎಲ್ಲೆಲ್ಲೋ ಖಣಖಣ ಸದ್ದಾಯಿತು. ಆಗತಾನೇ ಮೂಡಿದ್ದ ಚಂದ್ರನನ್ನು ಕಿಟಕಿಯಿಂದ ನೋಡಿ ಮಾಸ್ತರರು ಬೆವರಿದರು.

“ತಬಿತಾ, ಚಂದ್ರ ನಿನ್ನೆ ಇಷ್ಟ ಹತ್ರ ಇತ್ತೇನು?”

ಇಂಥ ಹೊತ್ತಿನಲ್ಲೇ ಹಾಡುವವರ ತಂಡ ಬಂತು. ಮುಂದೆ ಚರ್ಚಿನ ಸಭೆಯ ಹಿರಿಯ ಗಿದ್ಯೋನಪ್ಪನವರಿದ್ದರು. ಆರಡಿ ಎತ್ತರ, ತಲೆಯ ಮೇಲೆ ಒಂದೂ ಕೂದಲಿಲ್ಲ. ಹಬ್ಬದ ಸಲುವಾಗಿ ಕೊಬ್ಬರಿಎಣ್ಣೆ ಬೇರೆ ತಿಕ್ಕಿಕೊಂಡಿದ್ದರು. ಹೊಸ್ತಿಲಲ್ಲಿ ನಿಂತು, “ಎಲ್ಲಾರಿಗೂ ಹಬ್ಬದ—” ಎಂದವರು ಮಾತು ಮುಗಿಸಲಿಲ್ಲ. ತಲೆ ಮುಂದೆ, ಕಾಲು ಹಿಂದೆ ಎಂಬಂತೆ ಪಡಸಾಲೆ ದಾಟಿ ಹೋಗಿ, ಗಿಡದ ತುದಿಯಲ್ಲಿ ನಕ್ಷತ್ರವಿರಬೇಕಾದ ಜಾಗಕ್ಕೆ ಠಪ್ಪೆಂದು ಅಂಟಿಕೊಂಡರು.

“ಮಾಸ್ತರ! ನನ್ನ ತಲಿ ಬಿಡಸ್ರಿ!”

“ಅಲುಗಾಡಬ್ಯಾಡ್ರಿ ಹಿರಿಯಾರ, ಟೊಂಗಿ ಮುರೀತೈತಿ!”

ಎಲ್ಲರೂ ಗಿದ್ಯೋನಪ್ಪನವರ ಕಾಲು ಹಿಡಿದು ಜಗ್ಗುತ್ತಿದ್ದಾಗ ತಬಿತಾ ಮಾತ್ರ ಕಿಟಕಿಗೆ ಓಡಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ಅಕ್ಕ ಬಂದಿದ್ದಾಳೆಯೇ? ಗಿಡ ಕಾಣುತ್ತಿದೆಯೇ?

ಅಕ್ಕ ಬಂದಿದ್ದಳು. ಬೇವಿನ ಮರದ ಕೆಳಗೆ ನಿಂತು, ತನ್ನ ಶಾಲಿನೊಂದಿಗೆ ತಾನೇ ಗುದ್ದಾಡುತ್ತಿದ್ದಳು. ಶಾಲಿನೊಳಗಿಂದ ಏನೋ ಹೊರಗೆ ನುಗ್ಗಲು ನೋಡುತ್ತಿತ್ತು. ಶಾಲು ಸರಿಯಿತು, ಬೆಳ್ಳಗೆ ಹೊಳೆಯುವ ಅಗಲವಾದ ತಾಟು ಮುಂದಕ್ಕೆ ಚಿಮ್ಮಿತು. ದೊರ್ಕಾಬಾಯಿ ಎರಡೂ ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅದರ ಮೇಲೆ ಕ್ರೋಶಾ ವಸ್ತ್ರ! ಆ ಹೆಣಿಗೆಯನ್ನು ತಬಿತಾ ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು.

ಅಕ್ಕ ಅದರಲ್ಲಿ ಕೋಳಿಗೆ ಕಾಳು ಹಾಕಿರಲಿಲ್ಲ. ತಾಟು ತುಂಬಿತ್ತು.

ಯಂತ್ರ ಎಳೆಯುತ್ತಿತ್ತು, ದೊರ್ಕಾಬಾಯಿ ಹಿಮ್ಮಡಿ ಊರಿ ಜಗ್ಗುತ್ತಿದ್ದಳು. ಗೇಟು ತೆರೆಯಿತು. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಇಷ್ಟು ವರ್ಷ ದಾಟದ ಗೇಟನ್ನು ಅಕ್ಕ ಜಾರುತ್ತ ಜಾರುತ್ತ ದಾಟಿದಳು! ಇನ್ನು ಸ್ವಲ್ಪ ಎಳೆದರೆ ಸಾಕು, ಮನೆಯೊಳಗೇ ಬಂದುಬಿಡುತ್ತಾಳೆ. ಎಳಿ, ಎಳಿ, ಎಂದು ತಬಿತಾಳ ಮನಸ್ಸು ಕೂಗಿತು.

ಆಗ ಅವಳಿಗೆ ಅಕ್ಕನ ಮುಖ ಕಂಡಿತು. ಚಿಕ್ಕವರಿದ್ದಾಗ ಪೇರಲಹಣ್ಣು ಕದ್ದದ್ದಕ್ಕೆ ಅಪ್ಪ ಕಿವಿ ಹಿಡಿದು ತೋಟದವರ ಮುಂದೆ ಎಳೆದು ನಿಲ್ಲಿಸಿದಾಗ ಇದ್ದ ಮುಖ ಅದು. ಕೆಂಪಾಗಿ, ಅವಮಾನದಲ್ಲಿ ಬಿಗಿದುಕೊಂಡಿತ್ತು. ತಬಿತಾಳಿಗೆ ಅಕ್ಕ ಬೇಕಾಗಿದ್ದಳು, ಬಹಳ ಬೇಕಾಗಿದ್ದಳು. ಆದರೆ ಗಂಗವ್ವನ ತಂಬಿಗೆಯ ಹಾಗೆ ಬರುವುದು ಬೇಡವಾಗಿತ್ತು.

ಅವಳು ಗೋಡೆಯತ್ತ ನುಗ್ಗಿ ಪ್ಲಗ್ಗಿಗೆ ಕೈ ಹಾಕಿದಳು.

“ತಬಿತಾ, ಬ್ಯಾಡ!” ಎಂದು ಮಾಸ್ತರರು ಚೀರಿದರು. “ಒಮ್ಮೆಲೇ ಕಿತ್ತರ ಸುರುಳಿ ಸುಟ್ಟು ಹೋಗ್ತೈತಿ! ಮತ್ತ ಎಂದೂ ನಡಿಯೂದಿಲ್ಲ!”

ಕಿತ್ತೇಬಿಟ್ಟಳು.

ಓಣಿಯ ಅಷ್ಟೂ ಪಾತ್ರೆಗಳು ಒಟ್ಟಿಗೆ ನೆಲಕ್ಕೆ ಬಿದ್ದವು. ಆ ಸದ್ದಿಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಗಿದ್ಯೋನಪ್ಪನವರು ಡಬರಿ-ಹರಿವಾಣಗಳ ರಾಶಿಯ ಮೇಲೆ ಕುಳಿತರು. ಕೊಡೆಯ ಕಡ್ಡಿಗಳ ನಡುವಿನಿಂದ ಸಣ್ಣಗೆ ಹೊಗೆ ಎದ್ದಿತು. ಗಿಡದ ಮೇಲೆ ಉಳಿದದ್ದು ಗುಳಿಗೆ ಕಾಗದದ ನಕ್ಷತ್ರಗಳು, ಬಳೆಚೂರಿನ ತೋರಣ, ದಿಂಬಿನ ಹತ್ತಿ.

ತಬಿತಾ ಕಿಟಕಿಯ ಕಡೆ ನೋಡಲಿಲ್ಲ. ನೋಡುವ ಧೈರ್ಯ ಅವಳಿಗಿರಲಿಲ್ಲ. ಅಕ್ಕ ಇಷ್ಟು ಹೊತ್ತಿಗೆ ಚಪ್ಪಲಿ ಮೆಟ್ಟಿ ಮುಂದಿನ ಮನೆಗೆ ಹೋಗಿರುತ್ತಾಳೆ. ಪ್ಲಗ್ಗು ಇನ್ನೂ ಕೈಯಲ್ಲೇ ಇತ್ತು, ಕಣ್ಣು ತುಂಬಿ ಬಂದಿತ್ತು.

ಅಂಗಳದಲ್ಲಿ ಹೆಜ್ಜೆಯ ಸದ್ದಾಯಿತು. ಒಂದು ಚಪ್ಪಲಿಯ ಹೆಜ್ಜೆ, ಒಂದು ಬರಿಗಾಲಿನ ಹೆಜ್ಜೆ.

ತಬಿತಾ ತಿರುಗಿದಳು. ದೊರ್ಕಾಬಾಯಿ ಬರುತ್ತಿದ್ದಳು. ತಾಟು ಹಿಡಿದ ಎರಡೂ ಕೈ ಮುಂದಕ್ಕೆ ಚಾಚಿ, ಮೈಯನ್ನು ಹಿಂದಕ್ಕೆ ವಾಲಿಸಿ, ದೊಡ್ಡದೊಂದು ಶಕ್ತಿ ತನ್ನನ್ನು ದರದರ ಎಳೆಯುತ್ತಿದೆ ಎಂಬಂತೆ, ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಮೆಟ್ಟಿಲು ಹತ್ತಿದಳು. ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತಳು. ಆಮೇಲೆ ಇನ್ನೂ ಜೋರಾಗಿ ಹಿಂದಕ್ಕೆ ವಾಲಿ, ಹೊಸ್ತಿಲನ್ನೂ ದಾಟಿಬಿಟ್ಟಳು.

“ನಿಲ್ಲವಲ್ದು ನೋಡ ಇದು!” ಎಂದು ಏದುಸಿರು ಬಿಟ್ಟಳು. “ನಿನ್ನ ಗಂಡನ ಯಂತ್ರಾ ಹೆಂಗ ಎಳಿಯಾಕತ್ತೈತಿ, ನೋಡ ತಬೀ! ನಾ ಏನ ಬರಬೇಕಂತ ಬಂದಾಕಿ ಅಲ್ಲ ಮತ್ತ!”

ಪಡಸಾಲೆಯಲ್ಲಿದ್ದವರೆಲ್ಲ ಹೊಗೆಯಾಡುವ ಯಂತ್ರವನ್ನು ನೋಡಿದರು. ತಬಿತಾ ಪ್ಲಗ್ಗನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

“ಹೌದಕ್ಕಾ, ಬಾಳ ಜೋರ ಐತಿ ಅದು. ಕೈ ಬಿಡಬ್ಯಾಡ, ಹಂಗ ಬಾ.”

“ಅಲ್ಲ ಅಕ್ಕಾರ,” ಎಂದು ಮಾಸ್ತರರ ವಿಜ್ಞಾನ ಬಾಯಿ ತೆರೆಯಿತು, “ಕರೆಂಟ ಇಲ್ಲದ ಅದು ಹೆಂಗ—”

ತಬಿತಾ ಕ್ರೋಶಾ ವಸ್ತ್ರ ಸರಿಸಿ, ಒಂದು ಕರ್ಚಿಕಾಯಿ ತೆಗೆದು ಗಂಡನ ತೆರೆದ ಬಾಯಿಗೆ ಇಡಿಯಾಗಿ ತುರುಕಿದಳು.

ತಾಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವ್ವನ ಹೆಸರಿನ ಗೆರೆಗಳು ತಿಕ್ಕಿ ತಿಕ್ಕಿ ಸವೆದಿದ್ದವು.

“ವರ್ಷಾ ವರ್ಷಾ ತರತಿದ್ದೆ,” ಎಂದಳು ದೊರ್ಕಾಬಾಯಿ, ನೆಲ ನೋಡುತ್ತ. “ಆ ಬೇವಿನ ಗಿಡದತನಕಾ ತಂದು, ತಿರುಗಿ ಒಯ್ತಿದ್ದೆ. ರುಚಿ ಇಲ್ಲ ಅಂದಿದ್ದಿಯಲ್ಲ ನೀನು.”

ತಬಿತಾ ತಾಟಿಗೆ ಕೈ ಹಾಕಿದಳು. ಒಂದು ಕರ್ಚಿಕಾಯಿ ತಿಂದಳು. ಅಳುತ್ತಲೇ ಇನ್ನೊಂದು ತಿಂದಳು. ಅಕ್ಕ ಅವಳ ಮುಖವನ್ನೇ ನೋಡುತ್ತ ನಿಂತಿದ್ದಳು.

“ಬರೇ ತಿಂತೀಯಲ್ಲ, ಹೆಂಗ ಆಗ್ಯಾವ ಹೇಳ!”

“ತಡಿ ಅಕ್ಕಾ, ಎರಡರಾಗ ಗೊತ್ತಾಗೂದಿಲ್ಲ. ಇನ್ನೊಂದು ಕೊಡು.”

ದೊರ್ಕಾಬಾಯಿ ನಕ್ಕುಬಿಟ್ಟಳು. ಆಮೇಲೆ ಗಿಡ ನೋಡಿದಳು. ಒಂದು ನಕ್ಷತ್ರವನ್ನು ಬೆರಳಲ್ಲಿ ಹಿಡಿದು, “ಅಯ್ಯ, ಇದೇನ ತಬೀ, ಗುಳಿಗಿ ಕಾಗದಾ? ಎಷ್ಟ ಗುಳಿಗಿ ನುಂಗೀಯಽ?” ಎಂದಳು. ಅವಳ ಕಣ್ಣುಗಳೂ ಒದ್ದೆಯಾಗಿದ್ದವು.

ಗಿದ್ಯೋನಪ್ಪನವರು ತಲೆ ಸವರಿಕೊಳ್ಳುತ್ತ ಎದ್ದು ಶ್ರುತಿ ಹಿಡಿದರು. ಹಾಡು ಶುರುವಾಯಿತು. ಅಕ್ಕನ ಗಟ್ಟಿ ದನಿ ಆ ಮನೆಯ ಮಾಳಿಗೆಗೆ ಮುಟ್ಟಿತು, ರೊಟ್ಟಿಯ ಹಿಂದಿನ ಹಲ್ಲಿ ಹೊರಗೆ ಇಣುಕಿ ನೋಡಿತು.

ಮಾಸ್ತರರು ಸುಟ್ಟ ಯಂತ್ರದ ಪಕ್ಕದಲ್ಲಿ ಕುಳಿತು ಕರ್ಚಿಕಾಯಿಯನ್ನು ನಿಧಾನವಾಗಿ ಜಗಿದು ನುಂಗಿದರು. ಆಮೇಲೆ ಹೆಂಡತಿಯ ಕಿವಿಯ ಹತ್ತಿರ ಬಾಗಿ ಹೇಳಿದರು:

“ಯಂತ್ರದಾಗ ಏನೂ ದೋಷ ಇಲ್ಲ. ಕರ್ಚಿಕಾಯಿಗೆ ಮಾತ್ರ ಸಕ್ಕರಿ ಕಡಿಮಿ.”