ಧೂಮಕೇತುವಿಗೆ ಕ್ಷೌರ

ತಾನು ತೆಗೆಯುವ ರಾತ್ರಿ ಆಕಾಶದ ಫೋಟೋಗಳಲ್ಲಿ ಇನ್ನು ಮುಂದೆ ಒಂದು ಚಿಟಿಕೆ ಕಳ್ಳ ಬೆಳಕನ್ನೂ ಉಳಿಸುವುದಿಲ್ಲವೆಂದು ವೀರಯುತ್ ಶಪಥ ಮಾಡಿದ್ದ. ಪ್ರಚುವಾಪ್ ಕಡಲತೀರದಲ್ಲಿ ಇಂಥ ಶಪಥ ಮಾಡಲು ಎಂಟೆದೆ ಬೇಕು! ಬೆಳಕಿಗೆ ಮುತ್ತುವ ಬೊಂಡಾಸ್, ಅಂದರೆ ಸ್ಕ್ವಿಡ್, ಹಿಡಿಯುವ ದೋಣಿಗಳು ಹಸಿರು ದೀಪ ಉರಿಸಿ ನಿಂತರೆ ಅರ್ಧ ಆಕಾಶಕ್ಕೇ ಪಾಚಿ ಕಟ್ಟುತ್ತದೆ. ಹೆಚ್ಚಿನ ದೋಣಿಗಳು ಮಾವ ಬುನ್‌ಲೆರ್ಟ್ ಅವರವು. ಅವರ ಪಾಲಿಗೆ ಅಳಿಯನೆಂದರೆ ದುಡ್ಡು ಸುರಿದು ಕತ್ತಲೆಯ ಫೋಟೋ ತೆಗೆಯುವ ಮಹಾನುಭಾವ.

ಧೂಮಕೇತು ಬಂದಾಗ ವೀರಯುತ್ ಮಾವನ ಕಾಲಿಗೆ ಬೀಳುವುದೊಂದು ಬಾಕಿ. ಒಂದೇ ಒಂದು ಬೆಳಗಿನ ಜಾವ ದೀಪ ಆರಿಸಿದರೆ ಮೀನುಗಾರರ ಸಭಾಮಂಟಪಕ್ಕೆ ಭೂಷಣವಾಗುವಂಥ ಚಿತ್ರ ಕೊಡುವೆನೆಂದ. ಮಗಳು ಓರಪಿನ್‌ಳ ಮುಖ ನೋಡಿ ಮಾವ ಒಪ್ಪಿದರು, ಉಳಿದವರನ್ನೂ ಒಪ್ಪಿಸಿದರು. ಊರಿಗೆ ಊರೇ ಮೀನು ಬಿಟ್ಟು ದಡದಲ್ಲಿ ಕೂತಿತು. ಅಳಿಯನ ಮರ್ಯಾದೆಯೆಲ್ಲ ಈಗ ಆ ಒಂದು ಚಿತ್ರದ ಮೇಲೆ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಚಿತ್ರವನ್ನು ಬೆಳಗಿಸಿ ನೋಡುತ್ತಾನೆ, ಸಮುದ್ರದಿಂದ ಮೇಲಕ್ಕೆ ಹಬ್ಬಿದ ಮಸುಕು ಬೆಳಕು! ಅವನ ಪಿತ್ತ ನೆತ್ತಿಗೇರಿತು.

"ನಿಮ್ಮಪ್ಪ ಮಾತಿಗೆ ತಪ್ಪಿದ್ದಾರೆ. ಯಾವುದೋ ದೋಣೀಲಿ ಕದ್ದು ದೀಪ ಹಾಕಿಸಿದ್ದಾರೆ."

"ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ರು ಕಣ್ರೀ," ಎಂದಳು ಓರಪಿನ್, ಬೆಳ್ಳುಳ್ಳಿ ಜಜ್ಜುತ್ತಾ. "ಅದೇನು ಬೆಳಕು ಅಂತ ಸ್ವಲ್ಪ ನೋಡಬಾರದಾ?"

ನೋಡುವುದೇನು ಬಂತು? ವರ್ಷಗಟ್ಟಲೆ ದೋಣಿ ಬೆಳಕು ಉಜ್ಜಿ ಉಜ್ಜಿ ಪಳಗಿದ ಕೈ! 'ಇದು ಬರೀ ಹಿನ್ನೆಲೆ' ಎಂದು ಸಾಫ್ಟ್‌ವೇರಿಗೆ ತೋರಿಸುವ ಚುಕ್ಕೆಗಳನ್ನು ಆ ಮಸುಕಿನ ಮೇಲೆಲ್ಲ ರಂಗೋಲಿಯಂತೆ ಇಟ್ಟ. ಸಾಫ್ಟ್‌ವೇರ್ ವಿಧೇಯವಾಗಿ ಅಷ್ಟನ್ನೂ ಕಳೆದುಹಾಕಿತು.

ಸಭಾಮಂಟಪದಲ್ಲಿ ಚಿತ್ರದ ಮೇಲಿನ ಬಟ್ಟೆ ಸರಿಯಿತು. ಸುಟ್ಟ ಬೊಂಡಾಸ್ ಮೆಲ್ಲುತ್ತಿದ್ದವರೆಲ್ಲ ಹತ್ತಿರ ಬಂದರು. ಕಪ್ಪು ಆಕಾಶ, ಕೆಳಗೆ ಬಟಾಣಿ ಕಾಳಿನಂಥ ಹಸಿರು ಚುಕ್ಕೆ, ಅಷ್ಟೇ. ಯಾರೋ ಕದ್ದು ದೀಪ ಹಾಕಿದ್ದರೂ ತಾನದನ್ನು ಪೂರ್ತಿ ಅಳಿಸಿರುವುದಾಗಿಯೂ, ತನಗೆ ಯಾರ ಮೇಲೂ ಕೋಪವಿಲ್ಲವೆಂದೂ ವೀರಯುತ್ ದೊಡ್ಡ ಮನಸ್ಸಿನಿಂದ ಸಾರಿದ. ದೀಪ ಆರಿಸಿ ಕೂತಿದ್ದವರ ಮುಖ ಕೆಂಪಾಯಿತು.

ಓರಪಿನ್ ತನ್ನ ಫೋನನ್ನು ಅಪ್ಪನ ಕೈಗಿತ್ತಳು. ಆ ಜಾವ ದಡದಲ್ಲಿ ಕೂತು ಬೇಸರ ಕಳೆಯಲು ತೆಗೆದ ಫೋಟೋ. ಅದರಲ್ಲಿ ಅದೇ ಹಸಿರು ಚುಕ್ಕೆಯಿಂದ ಪೊರಕೆಯಂತೆ ಮೇಲಕ್ಕೆ ಹರಡಿಕೊಂಡಿತ್ತು ಧೂಮಕೇತುವಿನ ಬಾಲ. ವೀರಯುತ್ ಉಜ್ಜಿ ತೆಗೆದದ್ದು ಅದನ್ನೇ! ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಾವ ಫೋನನ್ನು ಗೋಡೆಯ ಮೇಲಿನ ಚಿತ್ರದ ಪಕ್ಕಕ್ಕೆ ಹಿಡಿದರು.

"ಅಳಿಯಂದ್ರೇ, ಬೆಳಕು ಕಂಡ್ರೆ ಬೊಂಡಾಸ್ ಕೂಡ ಹತ್ರ ಬಂದು ಏನೂಂತ ನೋಡುತ್ತೆ."