ಗ್ಲೋಬ್ ವಾಲ್ವ್ ಮತ್ತು ಆರುನೂರು ಸಾನ್ನಾ

ಚೌಕಾಸಿ ಮಾಡದೆ ತಂದ ವಸ್ತು ನನ್ನದು ಅಂತ ನನಗೆ ಅನಿಸುವುದೇ ಇಲ್ಲ. ಬರಿಗೈಯಿಂದ ಮೇಲೆ ಬಂದವನ ರೋಗ ಅದು. ಕೇಳದವರಿಗೂ ಸಲಹೆ ಕೊಡುವುದು ಇನ್ನೊಂದು. ಪುತ್ತಿಗೆಯಲ್ಲಿ ನನ್ನದೊಂದು ಹಬೆಯ ಅಡುಗೆಮನೆ ಉಂಟು. ಮದುವೆಮನೆಗಳಿಗೆ ಇಡ್ಲಿ, ಇಡ್ಲಿಯ ಹಾಗೆಯೇ ಹಬೆಯಲ್ಲಿ ಉಬ್ಬುವ ಸಾನ್ನಾ ಬೇಯಿಸಿ ಕೊಡುತ್ತೇನೆ. ಬಾಯ್ಲರಿನ ಪೈಪಿನ ವಾಲ್ವ್ ಸವೆದಾಗ ಫಿಟ್ಟರ್ ಅಬ್ಬಾಸಿಚ್ಚ "ಗ್ಲೋಬ್ ವಾಲ್ವೇ ತನ್ನಿ" ಎಂದಿದ್ದರು. ಕುಂಬಳೆಯ ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಗೇಟ್ ವಾಲ್ವ್ ಕೂತಿತ್ತು. ಅದೇ ಹಿತ್ತಾಳೆ, ಅದೇ ದುಂಡು ಚಕ್ರ, ದರ ಮಾತ್ರ ಕಡಿಮೆ. ಅದನ್ನೂ ಇನ್ನಷ್ಟು ಇಳಿಸಿ ತಂದು, ಯಾರನ್ನೂ ಕರೆಯದೆ ನಾನೇ ಕೂರಿಸಿದೆ.

ಮರುದಿನವೇ ಮೀಂಜದ ಫೆಲ್ಸಿ ಬಾಯಮ್ಮನ ಮಗಳ ಮದುವೆಗೆ ಆರುನೂರು ಸಾನ್ನಾ ಆಗಬೇಕಿತ್ತು. ಸಾನ್ನಾಕ್ಕೆ ಹಬೆ ಹದವಾಗಿರಬೇಕು. ಹೆಚ್ಚಾದರೆ ನೀರಿಳಿದು ಮುದ್ದೆ, ಕಡಿಮೆಯಾದರೆ ಉಬ್ಬುವುದಿಲ್ಲ. ಬೆಳಿಗ್ಗೆ ಚಕ್ರವನ್ನು ಅರ್ಧ ತಿರುಗಿಸಿದೆ. ವಾಲ್ವ್ ಗಡಗಡ ನಡುಗಿ ಹಬೆ ನುಗ್ಗಿತು. ಚೂರು ಮುಚ್ಚಿದರೆ ಪೂರ್ತಿ ನಿಂತಿತು. ಮೊದಲ ತಟ್ಟೆಗಳೆಲ್ಲ ಗಂಜಿ. ಉಳಿದ ಹಿಟ್ಟು ಹುಳಿಯಾಗುವ ಮೊದಲು ಅಬ್ಬಾಸಿಚ್ಚನಿಗೆ ಫೋನ್ ಮಾಡಿದೆ.

"ಇದೆಂತ ಮಾರಾಯ್ರೇ, ಗೇಟ್!" ಬಂದು ನೋಡಿ ಎಂದವರೇ ಬೆಂಕಿ ತೆಗೆಸಿದರು. ಹಬೆ ಇಳಿಯುವವರೆಗೆ ಚೀಲದಿಂದ ಹಳೆಯ ಗ್ಲೋಬ್ ವಾಲ್ವ್ ತೆಗೆದು ಬಿಚ್ಚಿ ತೋರಿಸಿದರು. ದುಂಡು ಹೊಟ್ಟೆಯೊಳಗೆ ಅಡ್ಡ ಗೋಡೆ, ಗೋಡೆಯಲ್ಲೊಂದು ತೂತು, ಮೇಲಿನಿಂದ ಇಳಿಯುವ ಬಿಲ್ಲೆ. ಚಕ್ರ ತಿರುಗಿಸಿದಷ್ಟೇ ಬಿಲ್ಲೆ ಏಳುತ್ತದೆ. ಹಬೆ ತೂತಿನಿಂದ ಮೇಲೆ ಹತ್ತಿ, ಬಳಸಿ ಆಚೆ ಹೋಗುತ್ತದೆ.

"ಬಳಸಿ ಹೋದರೆ ಒತ್ತಡ ಕಳೆಯುವುದಿಲ್ವಾ?"

"ಸ್ವಲ್ಪ ಕಳೆಯುತ್ತದೆ. ಹಿಡಿತ ಬೇಕಾದರೆ ಅಷ್ಟು ಬಿಡಬೇಕು. ಎಲ್ಲದರಲ್ಲೂ ಲಾಭವೇ ಬೇಕಾ ನಿಮಗೆ?"

"ಮತ್ತೆ ಗೇಟ್ ಎಂತಕ್ಕೆ?"

"ಅದರೊಳಗೆ ಏಳುವ ಹಲಗೆ ಮಾತ್ರ. ನಿಮ್ಮ ಬಾಯಿಯ ಹಾಗೆ, ತೆಗೆದರೆ ಪೂರ್ತಿ. ಅರ್ಧ ಅಂತ ಇಲ್ಲ."

ಹಡಗಿನ ಎಂಜಿನ್ ರೂಮು, ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ, ಹಬೆಯನ್ನೋ ನೀರನ್ನೋ ಅಳೆದು ಬಿಡಬೇಕಾದ ಕಡೆಯೆಲ್ಲ ಗ್ಲೋಬೇ ಅಂತೆ. ಹಬೆ ಹೋಗುವ ದಿಕ್ಕು ತೋರಿಸುವ ಮೈಮೇಲಿನ ಬಾಣದ ಗುರುತು ನೋಡಿ ತಮ್ಮ ಹಳೆಯ ಗ್ಲೋಬನ್ನೇ ಕೂರಿಸಿದರು. ಚಕ್ರ ಒಂದೂವರೆ ಸುತ್ತು ತೆರೆದರು. ಸಾನ್ನಾ ಹತ್ತಿಯ ಹಾಗೆ ಉಬ್ಬಿತು.

ಹಬೆಯ ಪೆಟ್ಟಿಗೆಯಲ್ಲಿ ಕೊನೆಯ ತಟ್ಟೆಗಳು ಬೇಯುವಾಗ ಬಾಯಮ್ಮ ಬಂದು ಬೆಂದದ್ದೊಂದು ಮುರಿದು ನೋಡಿದರು. "ಎಷ್ಟು ಮೆತ್ತಗೆ! ಈ ಹಬೆಯ ಹದ ಯಾರದ್ದು?"

"ನನ್ನದೇ ಬಾಯಮ್ಮ" ಎಂದೆ.

ಅಬ್ಬಾಸಿಚ್ಚ ಚಕ್ರವನ್ನು ಕಾಲು ಸುತ್ತು ಮುಚ್ಚಿದರು. ಹಬೆಯ ಸದ್ದು ತಗ್ಗಿತು.

"ಅಂದರೆ, ನಾವಿಬ್ಬರೂ ಸೇರಿ" ಎಂದು ತಿದ್ದಿದೆ.

ಇನ್ನೊಂದು ಕಾಲು ಸುತ್ತು. ಪೆಟ್ಟಿಗೆಯೊಳಗೆ ಇನ್ನೂ ಅರುವತ್ತು ಸಾನ್ನಾ ಇತ್ತು.

"ಅಬ್ಬಾಸಿಚ್ಚನದ್ದು ಬಾಯಮ್ಮ. ಕೆಡಿಸಿದ್ದು ಮಾತ್ರ ನಾನು" ಎಂದೆ. ಚಕ್ರ ಅರ್ಧ ಸುತ್ತು ಹಿಂದೆ ತಿರುಗಿತು, ಹಬೆ ಸರಿಯಾಗಿ ಬಂತು.