ನನ್ನ ಜರ್ಬೆರಾ ಮತ್ತು ಅವರ ಇಂಜಿನ್

ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕಿದೆ, ಅಕ್ಕಿ ರೊಟ್ಟಿ ತಟ್ಟಿದೆ, ಅಂಗಳದ ಪಾಚಿ ಉಜ್ಜಿದೆ, ಒಣಗದ ಬಟ್ಟೆಗಳನ್ನು ಒಲೆಯ ಮೇಲಿನ ಹಗ್ಗಕ್ಕೆ ವರ್ಗಾಯಿಸಿದೆ, ಆಮೇಲೆ ಸಿಟ್ಟು ಮಾಡಿಕೊಂಡೆ. ಈ ಕೊನೆಯದ್ದು ಮಳೆಗಾಲ ಶುರುವಾದಾಗಿನಿಂದ ನನ್ನ ದಿನಚರಿಗೆ ಸೇರಿದ ಕೆಲಸ. ಒಂದು ದಿನವೂ ತಪ್ಪಿಸಿಲ್ಲ.

ಸಿಟ್ಟಿನ ಮೂಲ ಒಂದು ಜರ್ಬೆರಾ ಗಿಡ. ಸುಟ್ಟ ಇಟ್ಟಿಗೆಯ ಬಣ್ಣದ, ಒತ್ತೊತ್ತು ಎಸಳಿನ ಹೂವು. ಆಲ್ದೂರಿನ ಆಸುಪಾಸಿನಲ್ಲಿ ನನ್ನ ಹತ್ತಿರ ಮಾತ್ರ ಇತ್ತು. ವರ್ಷಗಳಿಂದ ಒಂದೇ ಕಡೆ ಬೆಳೆದು ಬುಡ ಇಕ್ಕಟ್ಟಾಗಿ ಹೂವು ಚಿಕ್ಕದಾಗತೊಡಗಿತ್ತು. ಹಾಗಾದಾಗ ಬುಡ ಸಮೇತ ಕಿತ್ತು, ಸುತ್ತ ಒಡೆದ ಮರಿಗಿಡಗಳನ್ನು, ಅಂದರೆ ಎಳೆಯ ಹಿಳ್ಳುಗಳನ್ನು, ಬಿಡಿಸಿ ನೆಡಬೇಕು. ನಡುವಿನ ಮುದಿ ಗೆಡ್ಡೆಯನ್ನು ಎಸೆಯಬೇಕು. ನಾನೂ ಹಾಗೇ ಮಾಡಿದೆ. ಹಿಳ್ಳುಗಳನ್ನು ಪೇರಳೆ ಮರದ ನೆರಳಲ್ಲಿ ಒದ್ದೆ ಗೋಣಿಯ ಮೇಲೆ ಜೋಡಿಸಿ, ಗೆಡ್ಡೆಯನ್ನು ಗೊಬ್ಬರದ ಗುಂಡಿಯ ಕಡೆ ಎಸೆದು, ಸ್ನಾನಕ್ಕೆ ಹೋದೆ. ಮಲೆನಾಡಿನ ಹೆಂಗಸು ಹಿಳ್ಳು ಹೊರಗಿಟ್ಟು ಸ್ನಾನಕ್ಕೆ ಹೋಗಬಾರದು.

ಬರುವಷ್ಟರಲ್ಲಿ ಗೋಣಿ ಖಾಲಿ. ಗೆಡ್ಡೆ ಮಾತ್ರ ಪಾತಿಯ ನಟ್ಟನಡುವೆ, ನೀರು ಕುಡಿದು ಕೂತಿತ್ತು. ಪಕ್ಕದಲ್ಲಿ ನಮ್ಮ ಯಜಮಾನರು ಕೈ ತೊಳೆಯುತ್ತಿದ್ದರು. ರಸ್ತೆ ಬದಿಯಲ್ಲಿ ಅವರದೊಂದು ಗ್ಯಾರೇಜಿದೆ.

"ಗಿಡ ಯಾಕೆ ಗುಂಡಿ ಹತ್ರ ಬಿದ್ದಿತ್ತು? ನಾನೇ ನೆಟ್ಟೆ. ಆ ಚೂರುಪಾರು ಸುಲೋಚನಕ್ಕ ಕೇಳಿದ್ರು, ಕೊಟ್ಟೆ."

"ಎಲ್ಲಾನೂ?"

"ಇಂಜಿನ್ ನಮ್ಮಲ್ಲೇ ಇದೆಯಲ್ಲ ಮಾರಾಯ್ತಿ. ಹೋಗಿದ್ದು ಬಿಡಿ ಭಾಗ."

ಬೇರೆ ಯಾರಿಗೆ ಕೊಟ್ಟಿದ್ದರೂ ಸಹಿಸುತ್ತಿದ್ದೆ. ಪಕ್ಕದ ಮನೆಯ ಈ ಸುಲೋಚನಕ್ಕನ ಬಳಿ ಡೇರೆ ಹೂವಿನ ಗೆಡ್ಡೆ ಕೇಳಿ ಕೇಳಿ ನನ್ನ ತಲೆ ನರೆತಿದೆ. ಬೇಸಿಗೆಯಲ್ಲಿ ಕೇಳಿದರೆ "ಮಳೆ ಹಿಡೀಲಿ ಕಣೇ" ಎನ್ನುತ್ತಾರೆ, ಮಳೆಯಲ್ಲಿ ಕೇಳಿದರೆ "ಈಗ ಕೊಳೆತು ಹೋಗುತ್ತೆ ಕಣೇ." ಆದರೂ ಮರುದಿನ ಮಾನ ಬಿಟ್ಟು ಹೋದೆ. ನನ್ನ ಹಿಳ್ಳುಗಳು ಅವರ ಗೇಟಿನಿಂದ ಜಗಲಿಯವರೆಗೆ ಸಾಲಾಗಿ ನಿಂತಿದ್ದವು.

"ಒಂದೇ ಒಂದು ಕೊಡಿ ಅಕ್ಕಾ."

"ಕೊಡ್ತಿದ್ದೆ ಕಣೇ. ಈಗಷ್ಟೇ ಬೇರು ಹಿಡೀತಿದೆ, ಕಿತ್ರೆ ನೊಂದ್ಕೊಳ್ಳುತ್ತೆ. ಮಳೆ ಕಳೀಲಿ."

ಮನೆಗೆ ಬಂದು ಯಜಮಾನರ ಮುಂದೆ ನಿಂತು ಹೇಳಿದೆ: "ನಿಮ್ಮ ಇಂಜಿನ್ ಸಾಯುತ್ತೆ, ನೋಡ್ತಾ ಇರಿ." ಅಂದಿನಿಂದ ದಿನಾ ಬೆಳಿಗ್ಗೆ ಛತ್ರಿ ಹಿಡಿದು ಅದು ಸತ್ತಿದೆಯೇ ಎಂದು ನೋಡಿ ಬರುತ್ತೇನೆ. ದೇವರಿಗೂ ಅಷ್ಟು ನಿಯಮದಿಂದ ಹೂವಿಟ್ಟವಳಲ್ಲ. ಅವರು ಕಾಫಿ ಕುಡಿಯುತ್ತಾ, "ಹೇಗಿದೆ ಪೇಷಂಟು?" ಎನ್ನುತ್ತಾರೆ. ನಾನು ಲೋಟ ಕುಕ್ಕಿ ಒಳಗೆ ಹೋಗುತ್ತೇನೆ.

ಇವತ್ತು ನೋಡಿದರೆ ಗೆಡ್ಡೆಯ ಪಕ್ಕೆಯಲ್ಲಿ ಎಲೆಯೊಂದು ಇಣುಕುತ್ತಿತ್ತು. ಕೂಸಿನ ಕಿವಿಯಷ್ಟು, ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ನನ್ನ ಇಟ್ಟಿಗೆ ಬಣ್ಣದ ಹೂವು ನನಗೆ ಉಳಿಯಿತೆಂದು ಕುಣಿಯಬೇಕಿತ್ತು. ಆದರೆ ಇಷ್ಟು ದಿನ ಜತನದಿಂದ ಕಾಪಾಡಿಕೊಂಡು ಬಂದ, ಎಲ್ಲ ರೀತಿಯಿಂದಲೂ ನ್ಯಾಯವಾದ ಸಿಟ್ಟು ಒಂದು ಚಿಗುರಿಗೆ ಕರಗಿ ಹೋಗುವುದೆಂದರೇನು? "ನಾನು ಹೇಳಲಿಲ್ವಾ" ಎಂಬ ಅವರ ಮಾತು ಆಗಲೇ ಕಿವಿಯಲ್ಲಿ ಕೇಳಿಸಿತು. ಅತ್ತಿತ್ತ ನೋಡಿ, ಒಂದು ಹಲಸಿನ ತರಗೆಲೆ ತಂದು ಅದರ ಮೇಲೆ ಮುಚ್ಚಿದೆ.

ರಾತ್ರಿಗೆ ಕಡುಬು, ಕಳಲೆ ಪಲ್ಯ. ತಟ್ಟೆಯ ಮುಂದೆ ಕೂತು ಅವರು ಮೆಲ್ಲಗೆ ಕೇಳಿದರು: "ಇವತ್ತೂ ಏನೂ ಬಂದಿಲ್ವಾ?"

"ಇಲ್ಲ."

"ನಂದೇ ತಪ್ಪು ಬಿಡು. ಭಾನುವಾರ ಸುಲೋಚನಕ್ಕನ ಕಾಲು ಹಿಡ್ದಾದ್ರೂ ಒಂದು ತರ್ತೀನಿ."

ಈ ಮಾತಿಗಾಗಿ ಮಳೆಗಾಲವಿಡೀ ಕಾದಿದ್ದವಳು, ಅವರ ತಟ್ಟೆಗೆ ಇನ್ನೆರಡು ಕಡುಬು ಹಾಕಿದೆ. ಉಂಡು ಅವರು ಬೇಗ ನಿದ್ದೆ ಹೋದರು. ಹೊರಗೆ ಮಳೆ ಜೋರಾಯಿತು. ತರಗೆಲೆಯಡಿ ಚಿಗುರು ಕೊಳೆತರೆ ಯಾರನ್ನು ಬೈಯುವುದೆಂದು ತಿಳಿಯದೆ ನಾನು ಎದ್ದೇ ಇದ್ದೆ.